ಆಳಕ್ಕೆ ಬಿದ್ದ ಮೆಂತ್ಯ

ನನ್ನ ಕೆಲಸಕ್ಕೆ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಆಯಾ’ ಎಂದಿತ್ತು, ಕೊನೆಯ ದಿನದವರೆಗೂ ಹಾಗೆಯೇ ಇತ್ತು. ಮೊನ್ನೆ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ತೋಟದ ಕೆಲಸ ಮಾಡಿಸಿ ಮನಸ್ಸಿನ ಕಾಯಿಲೆಯವರನ್ನು ಸರಿಮಾಡುವುದಕ್ಕೆ ಈಗ ಕೋರ್ಸ್ ಇದೆಯಂತೆ, ಸರ್ಟಿಫಿಕೇಟ್ ಇದೆಯಂತೆ. ಹಾರ್ಟಿಕಲ್ಚರಲ್ ಥೆರಪಿ ಎಂದು ಬಾಯಿ ತುಂಬ ಹೇಳಿದಳು. “ನೀವು ಯಾವ ಟ್ರೈನಿಂಗ್ ತಗೊಂಡಿದ್ರಿ ಅಜ್ಜಿ?” ಎಂದು ಕೇಳಿದಳು. “ಸೊಪ್ಪು ಮಾರ್ತಿದ್ದೆ ಕಣಮ್ಮ” ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ, ಅದು ತಮಾಷೆಗೆ ಹೇಳಿದ ಮಾತಲ್ಲ.

ಹೆಸರು ಈಗ ಬಂತು, ಕೆಲಸ ಆಗಲೇ ಇತ್ತು. ಇಪ್ಪತ್ತೇಳು ವರ್ಷ ನಾನು ಅದನ್ನೇ ಮಾಡಿದೆ. ಮಾಲಿ ಎಂದವರಿದ್ದರು, ಕೂಲಿಯವಳು ಎಂದವರಿದ್ದರು, ಹುಚ್ಚರ ಜೊತೆ ಸೇರಿ ಇವಳಿಗೂ ಹಿಡಿಯಿತು ಎಂದವರೂ ಇದ್ದರು. ಅಂದವರೆಲ್ಲ ಅಂದುಕೊಳ್ಳಲಿ. ಆ ಹುಡುಗಿ ಹೋಗುವಾಗ, ನಿಮ್ಮ ಮೊದಲ ಯಶಸ್ಸಿನ ಕತೆ ಬರೆದುಕೊಡಿ ಎಂದಳು. ಯಶಸ್ಸಿಗಿಂತ ಮೊದಲು ನಾನು ಮಾಡಿದ್ದು ತಪ್ಪು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ನಮ್ಮದು ಹೊಸಕೆರೆಹಳ್ಳಿ ಕಡೆ. ಕೆರೆಯ ಕೆಳಗೆ ಒಂದು ತುಂಡು ಜಮೀನು, ಅದರ ತುಂಬ ಸೊಪ್ಪಿನ ಮಡಿಗಳು: ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ನನಗೆ ಏಳು ವರ್ಷವಾಗಿದ್ದಾಗ ಅಪ್ಪ ಹೋದ. ಅವ್ವ ಒಬ್ಬಳೇ ಅಗೆದಳು, ನೀರು ಹಾಯಿಸಿದಳು, ಕಿತ್ತಳು, ತಲೆಯ ಮೇಲೆ ಕುಕ್ಕೆ ಹೊತ್ತು ಬಸವನಗುಡಿ, ಜಯನಗರದ ಬೀದಿಗಳಲ್ಲಿ ಕೂಗಿ ಮಾರಿದಳು. ಒಂದು ಕೆಲಸ ಮಾತ್ರ ಅವಳು ಮಾಡುತ್ತಿರಲಿಲ್ಲ, ಬೀಜ ಬಿತ್ತುವುದು. ಆ ದಿನ ದೊಡ್ಡಮ್ಮ ಬರುತ್ತಿದ್ದಳು, ತುಂಬಿದ ಮುತ್ತೈದೆ, ಒಳ್ಳೆಯ ಕೈಗುಣ ಎಂದು ಹೆಸರಾದವಳು. ದೊಡ್ಡಮ್ಮ ಮೊದಲ ಹಿಡಿ ಬೀಜ ಎರಚುವಾಗ ಅವ್ವ ದೂರದ ಬದುವಿನ ಮೇಲೆ ಕೂತು ಈ ಕಡೆ ಬೆನ್ನು ಮಾಡಿರುತ್ತಿದ್ದಳು. ಅದೇಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೆರೆಯಲ್ಲಿ ನೀರಿದ್ದ ಹಾಗೆ ಅದೂ ಇತ್ತು, ಅಷ್ಟೆ.

ಲೋವರ್ ಸೆಕೆಂಡರಿ ಪಾಸು ಮಾಡಿಕೊಂಡೆ. ಮುಂದೆ ಓದಿಸಲು ಅವ್ವನಿಗೆ ಆಗಲಿಲ್ಲ. ಅವಳಿಂದ ಸೊಪ್ಪು ಕೊಳ್ಳುತ್ತಿದ್ದ ಒಂದು ಮನೆಯವರು ಹೇಳಿ, ಜಯನಗರದಲ್ಲಿ ಒಬ್ಬ ಡಾಕ್ಟರು ನಡೆಸುತ್ತಿದ್ದ ವಿಶ್ರಾಂತಿ ಗೃಹದಲ್ಲಿ ನನಗೆ ಕೆಲಸ ಸಿಕ್ಕಿತು. ಅರವತ್ತರ ದಶಕ ಆಗ ತಾನೆ ಶುರುವಾಗಿತ್ತು. ಬನಶಂಕರಿ ದಾಟಿ, ರಾಗಿ ಹೊಲದ ನಡುವೆ ಕಾಲುದಾರಿ ಹಿಡಿದು, ಖಾಲಿ ಸೈಟುಗಳ ಕಲ್ಲು ಎಣಿಸುತ್ತ ನಡೆದರೆ ಮುಕ್ಕಾಲು ಗಂಟೆ. ಬೋರ್ಡಿನ ಮೇಲೆ ವಿಶ್ರಾಂತಿ ಗೃಹ ಎಂದಿದ್ದರೂ ಆ ಬೀದಿಯವರು ಕರೆಯುತ್ತಿದ್ದದ್ದು ಹುಚ್ಚಮ್ಮಂದಿರ ಮನೆ ಎಂದೇ. ಹೆಂಗಸರಿಗೆ ಮಾತ್ರ, ಹನ್ನೆರಡು ಹಾಸಿಗೆ. ಎಲ್ಲ ಸಂಬಳದ ಮನೆಗಳವರು, ಮರ್ಯಾದಸ್ಥರು. ಮನೆಯ ಹೆಣ್ಣುಮಗಳಿಗೆ ಹೀಗಾಗಿದೆ ಎಂದು ನೆಂಟರಿಗೆ ತಿಳಿಯಬಾರದು ಎಂದೇ ಇಲ್ಲಿ ತಂದು ಬಿಡುತ್ತಿದ್ದರು.

ಸ್ನಾನ ಮಾಡಿಸುವುದು, ತಲೆ ಬಾಚುವುದು, ತಿಂಡಿ ಕೊಡುವುದು ಎಂಟೂವರೆಗೆ ಮುಗಿಯುತ್ತಿತ್ತು. ಆಮೇಲೆ ಊಟದ ತನಕ ಹನ್ನೆರಡು ಹೆಂಗಸರು ವರಾಂಡದಲ್ಲಿ ಸಾಲಾಗಿ ಕೂತು ಎದುರಿನ ಗೋಡೆ ನೋಡಬೇಕು. ಅಯ್ಯೋ ಶಿವನೆ, ಚೆನ್ನಾಗಿರುವವಳನ್ನು ಹಾಗೆ ಕೂರಿಸಿದರೂ ಹುಚ್ಚು ಹಿಡಿಯುತ್ತದೆ! ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಹಿತ್ತಲಲ್ಲಿ ಅಗಲವಾದ ಜಾಗ, ಉತ್ತರಾಣಿ, ತುಂಬೆ ಗಿಡ ಬೆಳೆದು ಒಡೆದ ಹೆಂಚು ಬಿದ್ದಿತ್ತು. ಮೂರನೆಯ ವಾರ ಡಾಕ್ಟರ ಕೋಣೆಗೆ ಹೋಗಿ, ಅಲ್ಲಿ ಸೊಪ್ಪಿನ ಮಡಿ ಮಾಡಿ ಇವರ ಕೈಲಿ ಕೆಲಸ ಮಾಡಿಸುತ್ತೇನೆ ಎಂದೆ.

ಡಾಕ್ಟರು ಹೊರದೇಶದಲ್ಲಿ ಓದಿ ಬಂದವರು. ಒಳ್ಳೆಯವರೇ, ಆದರೆ ಪುಕ್ಕಲು. “ಗುದ್ದಲಿ ಕೊಟ್ರೆ ಯಾರ ತಲೆ ಮೇಲೆ ಬೀಳುತ್ತೋ ಯಾರಿಗೆ ಗೊತ್ತು? ಕಬ್ಬಿಣ ಒಂದು ಚೂರೂ ಕೊಡಕೂಡದು” ಎಂದರು.

“ಬೇಡ ಬಿಡಿ ಸಾರ್. ಕೈ ಇದೆಯಲ್ಲ” ಎಂದೆ.

ಎರಡು ಭಾನುವಾರ ನಾನೇ ಗುದ್ದಲಿ ತಂದು ಅಗೆದೆ, ಅಗೆದು ಮುಗಿಸಿ ಗುದ್ದಲಿಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ವಾಪಸು ಒಯ್ದೆ. ಮನೆಯ ಹಿಂದಿನ ತಿಪ್ಪೆಯಿಂದ ಗೊಬ್ಬರ ಹೊತ್ತು ತಂದೆ. ಅವರಿಗೆ ಕೊಟ್ಟದ್ದು ತೆಂಗಿನ ಚಿಪ್ಪು, ತಲಾ ಒಂದು. ಮಣ್ಣಿನ ಹೆಂಟೆ ಪುಡಿ ಮಾಡುವುದು, ಕಳೆ ಕೀಳುವುದು, ಮಣ್ಣು ಎಳೆಯುವುದು ಎಲ್ಲ ಬರಿಗೈಯಲ್ಲೇ. ಡಾಕ್ಟರು ಹೆದರಿ ಹಾಕಿದ ಆ ಕಟ್ಟಳೆ ನನಗೆ ಒಳ್ಳೆಯದನ್ನೇ ಮಾಡಿತು. ಬೆರಳು ಮಣ್ಣಿಗೆ ಇಳಿಯದೆ ಯಾರೂ ಅಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಮಡಿ. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಎಟುಕಬೇಕು, ಅಷ್ಟೇ ಅಗಲ. ಮೊದಲ ಬೆಳೆ ಎಲ್ಲರಿಗೂ ಮೆಂತ್ಯ, ಏಕೆಂದರೆ ಅದು ಮೂರು ದಿನಕ್ಕೆ ತಲೆ ಎತ್ತುತ್ತದೆ. ಮನಸ್ಸು ಮುರಿದವರಿಗೆ ಬದನೆಕಾಯಿ ಬಿಡುವ ತನಕ ಕಾಯುವ ತ್ರಾಣ ಎಲ್ಲಿಂದ ಬರಬೇಕು? ಹೇಗಿದ್ದೀರಿ ಎಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಅದನ್ನು ಕೇಳಿಸಿಕೊಂಡು ಅವರಿಗೆ ರೋಸಿ ಹೋಗಿರುತ್ತಿತ್ತು. “ನಿಮ್ಮ ಮಡಿ ಒಣಗಿದೆ ನೋಡಿ” ಎಂದರೆ ಎದ್ದು ಹೋಗಿ ನೀರು ಹಾಕುತ್ತಿದ್ದರು. ಬಾಗಿಲು ಒದೆಯುತ್ತಿದ್ದ ಒಬ್ಬಾಕೆ ಒಂದು ಗಂಟೆ ಹೆಂಟೆ ಒಡೆದು, ಬೆವರು ಒರೆಸಿಕೊಂಡು, ಊಟಕ್ಕೆ ಏನು ಎಂದು ಕೇಳುತ್ತಿದ್ದಳು. ಡಾಕ್ಟರು ಅವಳ ಫೈಲಿನಲ್ಲಿ ಏನೋ ಬರೆದುಕೊಂಡರು. ನನ್ನನ್ನು ಏನೂ ಕೇಳಲಿಲ್ಲ.

ಆ ವರ್ಷ ದಸರಾ ಮುಗಿದ ಮೇಲೆ ಅವಳು ಬಂದಳು. ಇಪ್ಪತ್ತನಾಲ್ಕು ವರ್ಷ, ಗಂಡ ಟೈಫಾಯ್ಡ್ ಆಗಿ ತೀರಿಕೊಂಡು ಒಂದೂವರೆ ವರ್ಷ. ಅಣ್ಣ ಕರೆದುಕೊಂಡು ಬಂದಿದ್ದ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದಳು. ಕೈ ಹೊರಗೆ ಬರುತ್ತಿದ್ದದ್ದು ನಲ್ಲಿಯ ಕೆಳಗೆ ಮಾತ್ರ. ಬೆಳಗ್ಗೆಯಿಂದ ಸಂಜೆಯ ತನಕ ಮೂವತ್ತು ಸಲ ತೊಳೆಯುತ್ತಿದ್ದಳು. ಅಂಗೈ ಕೆಂಪಗೆ ಬಿರಿದು, ಗೆರೆಗೆರೆಗೆ ರಕ್ತ ಒಸರುತ್ತಿತ್ತು.

ಅಣ್ಣ ಹೇಳಿದ್ದನ್ನು ನಾನು ಅಲ್ಲೇ ನಿಂತು ಕೇಳಿದೆ. ಗಂಡ ಹೋದ ತಿಂಗಳೇ ಹಾಲು ಕರೆಯುವ ಹಸು ಸತ್ತಿತ್ತು, ತುಳಸಿ ಒಣಗಿತ್ತು. ಅತ್ತೆ ಸಂಕಟದಲ್ಲಿ, “ನಿನ್ನ ಕೈ ಬಿದ್ದಲ್ಲೆಲ್ಲ ಬೂದಿ” ಎಂದುಬಿಟ್ಟಿದ್ದರು. ಅವಳಿಗೆ ಎರಡೂವರೆ ವರ್ಷದ ಮಗಳು. ಒಂದು ದಿನ ಇವಳು ನೀರು ಹಾಕಿದ ಮೇಲೆ ಮಗುವಿಗೆ ಜ್ವರ ಬಂದು, ನಾಲ್ಕು ದಿನ ಸುಟ್ಟಿತು. ಆವತ್ತಿನಿಂದ ಇವಳು ಮಗುವನ್ನು ಮುಟ್ಟಿಲ್ಲ. ಅಮ್ಮಾ ಎಂದು ಓಡಿ ಬಂದು ಕಾಲು ತಬ್ಬಿದರೆ, ಎರಡೂ ಕೈ ಮೇಲೆತ್ತಿ, ಯಾರಾದರೂ ಬಂದು ಬಿಡಿಸುವ ತನಕ ಕಂಬದ ಹಾಗೆ ನಿಂತಿರುತ್ತಿದ್ದಳಂತೆ.

ಮಗು ಅತ್ತೆಯ ಹತ್ತಿರವೇ ಇತ್ತು, ನಾಲ್ಕು ಬೀದಿ ಆಚೆ. ಅತ್ತೆಯ ದೊಡ್ಡ ಮಗ ಪುಣೆಯಲ್ಲಿದ್ದ. ಸಂಕ್ರಾಂತಿ ಕಳೆದು ಮಗುವನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಸಾಕುವುದು ಎಂದು ಅವರ ತೀರ್ಮಾನ. ತಾಯಿಯ ಕಡೆಯವರು ತಕರಾರು ಮಾಡಬಾರದಲ್ಲ, ಅದಕ್ಕೆ ಈಕೆ ಮಗು ಸಾಕಲು ಯೋಗ್ಯಳಲ್ಲ ಎಂದು ಡಾಕ್ಟರ ಕೈಯಿಂದ ಒಂದು ಕಾಗದ ಬೇಕಾಗಿತ್ತು. “ಸಂಕ್ರಾಂತಿವರೆಗೂ ನೋಡೋಣ, ಅಷ್ಟರಲ್ಲಿ ಮಗೂನ ಮುಟ್ಟಿದ್ರೆ ಸರಿ, ಇಲ್ಲದಿದ್ರೆ ಬರೆದುಕೊಡ್ತೀನಿ” ಎಂದರು ಡಾಕ್ಟರು. ಅವಳೂ ಅಲ್ಲೇ ಇದ್ದಳು, ಅವಳಿಗೂ ಕೇಳಿಸಿತು.

ನಾನು ಅವಳನ್ನು ತೋಟಕ್ಕೆ ಬಾ ಎಂದು ಎಳೆಯಲಿಲ್ಲ. ಅಂಚಿನಲ್ಲಿ ನಿಂತುಕೊಳ್ಳುತ್ತಿದ್ದಳು, ನಿಲ್ಲಲಿ ಎಂದು ಬಿಟ್ಟೆ. ಹದಿನೈದು ದಿನದ ಮೇಲೆ, ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡ ಚೊಂಬಿನಿಂದ ನೀರು ಹಾಕಿದಳು. ಇನ್ನೊಂದು ವಾರಕ್ಕೆ ಕುಕ್ಕರುಗಾಲಿನಲ್ಲಿ ಕೂತಳು. ಭಾನುವಾರ ಅತ್ತೆ ಮಗುವನ್ನು ಕರೆತಂದಾಗ ಮಾತ್ರ ಒಳಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಗು ಬಾಗಿಲು ಬಡಿದು ಬಡಿದು ಸುಮ್ಮನಾಗುತ್ತಿತ್ತು.

ಡಿಸೆಂಬರ್ ಕೊನೆಗೆ ಮಡಿಗಳು ಖಾಲಿಯಾಗಿದ್ದವು, ಮತ್ತೆ ಬಿತ್ತಬೇಕಿತ್ತು. ನೆನೆಹಾಕಿದ ಮೆಂತ್ಯವನ್ನು ಮೊರದಲ್ಲಿ ಹರವಿಕೊಂಡು ಹಿತ್ತಲಿಗೆ ಬಂದೆ. ಹೆಂಗಸರು ಚಿಪ್ಪು ಹಿಡಿದು ಸಾಲಾಗಿ ಕೂತಿದ್ದರು. ಸಾಲಿನ ಮೊದಲಿಗೇ ಅವಳು. ನಾನು ಹತ್ತಿರ ಬಂದಾಗ ಸೆರಗಿನಿಂದ ಬಲಗೈ ತೆಗೆದಳು. ತೆಗೆದು, ಅಂಗೈ ಮೇಲೆ ಮಾಡಿ ನನ್ನ ಮುಂದೆ ಚಾಚಿದಳು.

ನಾನು ಏನು ಮಾಡಿದೆ ಗೊತ್ತೆ? ಅವಳನ್ನು ದಾಟಿ ಹೋದೆ. ಸಾಲಿನ ನಡುವೆ ಕೂತಿದ್ದ ಬಸವನಗುಡಿಯ ಹಿರಿಯಮ್ಮನ ಮುಂದೆ, ಕಾಸಗಲ ಕುಂಕುಮ ಇಟ್ಟು ಕೈತುಂಬ ಬಳೆ ತೊಟ್ಟಿದ್ದ ಮುತ್ತೈದೆಯ ಮುಂದೆ ಮೊರ ಹಿಡಿದು, “ಅಮ್ಮಾ, ಮೊದಲು ನೀವು ಹಾಕಿ” ಎಂದೆ. ನನ್ನ ಮಾತು ನನ್ನ ಕಿವಿಗೇ ಬಿದ್ದ ಮೇಲೆ ಏನು ಮಾಡಿದೆ ಎಂದು ತಿಳಿಯಿತು. ತಿರುಗಿ ನೋಡುವ ಹೊತ್ತಿಗೆ ಆ ಕೈ ಒಳಗೆ ಹೋಗಿತ್ತು. ನಲ್ಲಿಯ ನೀರು ಸುರಿಯುವ ಸದ್ದು ಕೇಳಿಸಿತು.

ಯಾರೂ ನನಗೆ ಹಾಗೆ ಮಾಡು ಎಂದು ಕಲಿಸಿರಲಿಲ್ಲ. ಬಿತ್ತನೆಯ ದಿನ ಯಾರ ಮುಂದೆ ನಿಲ್ಲಬೇಕು, ಯಾರನ್ನು ದಾಟಿ ಹೋಗಬೇಕು ಎಂದು ನನ್ನ ಕಾಲಿಗೇ ಗೊತ್ತಿತ್ತು. ಡಾಕ್ಟರನ್ನು ಎದುರಿಸಿದೆ, ಬೀದಿಯವರ ಬಾಯಿ ಮುಚ್ಚಿಸಿದೆ ಎಂದು ಮೂಗು ಮೇಲೆ ಮಾಡಿಕೊಂಡು ಓಡಾಡುತ್ತಿದ್ದವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಆವತ್ತು ಬಂದ ಸಿಟ್ಟು ಇವತ್ತಿಗೂ ನನಗೆ ನನ್ನ ಮೇಲೆ ಇದೆ.

ಅವಳು ತೋಟಕ್ಕೆ ಬರುವುದನ್ನು ನಿಲ್ಲಿಸಿದಳು. ನಾಲ್ಕನೆಯ ದಿನ ಸಂಜೆ, ಅವ್ವ ಜಗುಲಿಯ ಮೇಲೆ ಕೂತು ಬಾಳೆನಾರಿನಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಹೇಳಿ, “ನೀನು ಒಂದ್ಸಲಾನೂ ಬಿತ್ತಿಲ್ವಾ ಅವ್ವ?” ಎಂದು ಕೇಳಿದೆ.

ಅವ್ವ ಆಚೆ ಈಚೆ ನೋಡಿದಳು. “ನೀನು ಎಂಟ್ನೇ ಕಲಾಸಲ್ಲಿದ್ದಾಗ ಊರಿಗೆಲ್ಲ ಜರ ಬಂದಿತ್ತಲ್ಲ. ನಿಮ್ ದೊಡ್ಡಮ್ಮ ಮಲಗ್ಬುಟ್ಟಿದ್ಲು. ನೆಲ ಹದವಾಗ್ಬುಟ್ಟಿತ್ತು, ಬೀಜ ತಂದಾಗಿತ್ತು, ಏನ್ ಮಾಡ್ಲಿ? ಹೊತ್ತು ಹುಟ್ಟಕ್ ಮುಂಚೆ ನಾನೇ ಹಾಕ್ಬುಟ್ಟೆ.”

“ಹುಟ್ತಾ?”

“ಹುಟ್ದೆ ಏನು? ದಂಟು ಸೊಂಟುದ್ದ ಬಂತು. ಬೀಜಕ್ಕೇನ್ ಗೊತ್ತಾಯ್ತದೆ ಕಣೆ, ಹಾಕ್ದೋಳ ಕತ್ನಾಗೆ ತಾಳಿ ಅದೋ ಇಲ್ವೋ ಅಂತ?”

ನನಗೆ ಮೈಯೆಲ್ಲ ಉರಿದುಹೋಯಿತು. “ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೀಯಲ್ಲ! ಹೇಳಬಾರದಾಗಿತ್ತಾ?”

“ಮುಂಡೆ ಬಿತ್ತಿದ್ ಸೊಪ್ಪು ಅಂತ ಗೊತ್ತಾಗಿದ್ರೆ ಯಾರ್ ಕೊಳ್ತಿದ್ರು? ನೀನ್ ಏನ್ ತಿಂತಿದ್ದೆ?” ಎಂದು ಅವ್ವ ಇನ್ನೊಂದು ಕಟ್ಟಿಗೆ ಕೈ ಹಾಕಿದಳು. 

ಮಾರನೆಯ ದಿನ ಅವಳ ಮಂಚದ ಪಕ್ಕ ನೆಲದ ಮೇಲೆ ಕೂತೆ. “ನಾನು ತಪ್ಪು ಮಾಡ್ದೆ ಅಮ್ಮ. ನಿಮ್ಮ ಕೈ ನೋಡಿಯೂ ದಾಟಿ ಹೋದೆ” ಎಂದೆ. ಅವ್ವನ ದಂಟಿನ ಕತೆ ಹೇಳಿದೆ. ಅವಳು ಗೋಡೆ ನೋಡುತ್ತಲೇ ಕೇಳಿಸಿಕೊಂಡಳು.

“ಅದು ನಿಮ್ಮಮ್ಮನ ಕೈ” ಎಂದಳು. ಎರಡು ತಿಂಗಳಲ್ಲಿ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು.

“ಹಾಗಾದ್ರೆ ನಿಮ್ಮ ಕೈನೂ ನೋಡೇಬಿಡೋಣ” ಎಂದೆ. ಒಂದು ಮಡಿ ತೆಗೆದುಕೊಂಡು ನಡುವೆ ಕಡ್ಡಿ ಇಡುವುದು, ಅರ್ಧ ಹಿರಿಯಮ್ಮ ಬಿತ್ತುವುದು, ಅರ್ಧ ಅವಳು. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ನೀರು.

“ಹುಟ್ಟದೇ ಇದ್ರೆ?”

“ಹುಟ್ಟುತ್ತೆ.”

 ಬೆಳೆಯ ಮೇಲೆ ಹಾಗೆ ಪಂದ್ಯ ಕಟ್ಟುವವರು ಮೂರ್ಖರು, ಒಂದು ತಾಯಿಯ ಮೇಲೆ ಕಟ್ಟುವವರಿಗೆ ಏನನ್ನಬೇಕೋ ಗೊತ್ತಿಲ್ಲ. ಆದರೆ ಸಂಕ್ರಾಂತಿ ಹತ್ತಿರ ಬಂದಿತ್ತು, ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಸೋಮವಾರ ಬಿತ್ತಿದೆವು. ಹಿರಿಯಮ್ಮ ಮೊದಲು ಕೂಗಾಡಿದರು. “ಏನೇ ಇದು ಅನಾಚಾರ! ಇವಳು ಬಿತ್ತಿದ ಸೊಪ್ಪು ಯಾರು ತಿಂತಾರೆ?” ಎಂದರು. “ನೀವು ತಿನ್ಬೇಡಿ, ನಾನು ತಿಂತೀನಿ” ಎಂದೆ. ಅವರು ಗೊಣಗುತ್ತ ತಮ್ಮ ಅರ್ಧಕ್ಕೆ ಒಂದು ಹಿಡಿ ಎರಚಿ, ಬೆರಳಿನಲ್ಲಿ ಮಣ್ಣು ಕೆದಕಿ, ಎರಡು ನಿಮಿಷದಲ್ಲಿ ಎದ್ದರು. ಅವಳು ಒಂದೊಂದೇ ಕಾಳು ತೆಗೆದುಕೊಂಡಳು. ಅಂಗೈ ಉರಿಯುತ್ತಿದ್ದಿರಬೇಕು, ಆದರೂ ಕೈ ಹಿಂದೆ ತೆಗೆಯಲಿಲ್ಲ. ನನಗೆ ಸಂತೋಷದಲ್ಲಿ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆ ಕಡೆ ಇಬ್ಬರು ಒಂದು ಚಿಪ್ಪಿಗೆ ಜುಟ್ಟು ಹಿಡಿದುಕೊಂಡರು. ಬಿಡಿಸಲು ಓಡಿದೆ. ವಾಪಸು ಬರುವಾಗ ಊಟದ ಹೊತ್ತು, ಅವಳು ಬಿತ್ತಿ ಮುಗಿಸಿ ಮಣ್ಣು ಸವರಿ ಎದ್ದಿದ್ದಳು. ಹೇಗೆ ಬಿತ್ತಿದಳು ಎಂದು ನಾನು ನೋಡಲೇ ಇಲ್ಲ.

ಬುಧವಾರ ಡಾಕ್ಟರು ಕರೆದರು. ಹಿರಿಯಮ್ಮನ ಮನೆಯವರ ಬಾಯಿಂದ ಸುದ್ದಿ ಅವಳ ಅತ್ತೆಯ ಕಿವಿಗೆ ಬಿದ್ದಿತ್ತು. “ನಮ್ಮ ಸೊಸೆ ಕೈಲಿ ಕೂಲಿ ಮಾಡಿಸ್ತಿದ್ದಾರೆ ಅಂತ ಬಂದು ಗಲಾಟೆ ಮಾಡಿದ್ರು. ಇನ್ನು ಅವಳನ್ನ ತೋಟಕ್ಕೆ ಬಿಡಬೇಡ. ಭಾನುವಾರ ಕಾಗದಕ್ಕೆ ಸೈನ್ ಹಾಕಿ ಕೊಟ್ಟುಬಿಡ್ತೀನಿ” ಎಂದರು.

“ಭಾನುವಾರದ ತನಕ ಅವರು ತೋಟಕ್ಕೆ ಬರ್ತಾರೆ ಸಾರ್. ಆಮೇಲೆ ಬೇಕಾದ್ರೆ ನನ್ನನ್ನೂ ಮನೆಗೆ ಕಳಿಸಿ.”

“ನೀನು ಇಲ್ಲಿ ಆಯಾ. ನೆನಪಿರಲಿ.”

“ನೆನಪಿದೆ ಸಾರ್. ಆಯಾ ಆಗಿರೋದಕ್ಕೇ ಆ ಕೈಗೆ ದಿನಾ ಬೆಣ್ಣೆ ಹಚ್ತೀನಿ. ನೀವು ಒಂದು ಸಲ ಆದ್ರೂ ಅದನ್ನ ಹಿಡಿದು ನೋಡಿದ್ದೀರಾ?”

ಡಾಕ್ಟರ ಮುಖ ಕೆಂಪಾಯಿತು. ಹೊರಗೆ ಹೋಗು ಎಂದರು. ಹೋದೆ, ತೋಟಕ್ಕೇ ಹೋದೆ.

ಗುರುವಾರ ಬೆಳಗ್ಗೆ ಹಿರಿಯಮ್ಮನ ಅರ್ಧದಲ್ಲಿ ಮೆಂತ್ಯ ಹುಟ್ಟಿತ್ತು, ಒತ್ತೊತ್ತಾಗಿ. ಅವಳ ಅರ್ಧ ಬೋಳು. ಒಂದು ದಿನ ಹಿಂದೆ ಮುಂದೆ ಆಗುತ್ತದೆ ಎಂದೆ. ಶುಕ್ರವಾರವೂ ಬೋಳು. ಕಡ್ಡಿಯ ಆಚೆ ಹಸಿರು, ಈಚೆ ಕಪ್ಪು ಮಣ್ಣು.  ಆವತ್ತು ಮಧ್ಯಾಹ್ನ ಅವಳು ಒಂದು ಇಡೀ ಸೋಪು ಸವೆಸಿದಳು. ಹಿರಿಯಮ್ಮ ವರಾಂಡದಲ್ಲಿ ಕೂತು, “ನಾನು ಆವತ್ತೇ ಹೇಳ್ಲಿಲ್ವೇ” ಎಂದು ಕಂಡವರಿಗೆಲ್ಲ ಹೇಳಿದರು.

ಶನಿವಾರ ನಾನು ಮಾಡಲು ಹೊರಟದ್ದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಒಂದು ಹಿಡಿ ಮೆಂತ್ಯ ಮೊಳಕೆ ಕಟ್ಟಿಸಿ, ಸೆರಗಿನಲ್ಲಿ ಗಂಟು ಹಾಕಿಕೊಂಡು, ಎಲ್ಲರೂ ಏಳುವ ಮುಂಚೆ ಹೋದೆ. ಅವಳ ಅರ್ಧದಲ್ಲಿ ಉದುರಿಸಿ ಮಣ್ಣು ಮುಚ್ಚಿದರೆ ಭಾನುವಾರಕ್ಕೆ ಹಸಿರು. ಯಾರಿಗೆ ಗೊತ್ತಾಗುತ್ತದೆ? ಗಂಟು ಬಿಚ್ಚಿದೆ. ಬಿಚ್ಚಿ ನಿಂತೆ. ಹಾಗೆ ಹುಟ್ಟುವುದು ನನ್ನ ಕೈಯ ಬೆಳೆ, ಅವಳದ್ದಲ್ಲ. ಒಂದು ಸಲ ಅವಳ ಕೈ ದಾಟಿ ಹೋಗಿದ್ದೆ, ಈಗ ಮತ್ತೆ ಅದನ್ನೇ ಮಾಡುವುದಕ್ಕೆ ಬಂದಿದ್ದೇನೆ ಅನ್ನಿಸಿತು. ಮೊಳಕೆಯನ್ನು ಬೇಲಿಯ ಆಚೆ ಎಸೆದೆ.

ತಿರುಗಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. “ಬನ್ನಿ ಇಲ್ಲಿ” ಎಂದೆ, ಸ್ವಲ್ಪ ಗದರಿಯೇ. ಬಂದಳು. ಸೊಪ್ಪು ಬೆಳೆಯುವವರು ಯಾರೂ ಮಾಡದ ಕೆಲಸ ಮಾಡಿದೆ. ಬಿತ್ತಿದ ಬೀಜವನ್ನು ಕೆದಕಿ ನೋಡಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಬೆರಳು ಹಾಕಿ ಕೆದಕಿದೆ. ಉಗುರುದ್ದ ಹೋಯಿತು, ಏನೂ ಇಲ್ಲ. ಒಂದು ಗೆಣ್ಣು ಹೋಯಿತು, ಇಲ್ಲ. ಎರಡನೆಯ ಗೆಣ್ಣಿಗೆ ತಣ್ಣಗೆ ಏನೋ ತಗುಲಿತು. ಮೆಲ್ಲಗೆ ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ಬೆಳ್ಳಗೆ, ಉದ್ದಕ್ಕೆ, ಕತ್ತು ಬಗ್ಗಿಸಿಕೊಂಡಿದ್ದ ಮೊಳಕೆ.

“ಸತ್ತಿದೆ” ಎಂದಳು.

“ಎಲ್ಲಿ ಸತ್ತಿದೆ? ಬೇರು ನೋಡಿ ಎಷ್ಟುದ್ದ ಬಿಟ್ಟಿದೆ. ಮೇಲೆ ಬರೋಕೆ ಆಗದೆ ಒದ್ದಾಡ್ತಾ ಇದೆ. ಎಷ್ಟು ಆಳಕ್ಕೆ ಹಾಕಿದ್ರಿ ಇದನ್ನ?”

ಅವಳು ತೋರುಬೆರಳು ಎತ್ತಿ, ಎರಡನೆಯ ಗೆಣ್ಣು ತೋರಿಸಿದಳು. “ಹಕ್ಕಿ ತಿನ್ನಬಾರದು ಅಂತ... ಒಂದೊಂದನ್ನೂ ಒತ್ತಿದೆ.”

“ಅಯ್ಯೋ ನಿಮ್ಮ! ಮೆಂತ್ಯಕ್ಕೆ ಯಾರಾದ್ರೂ ಬಾವಿ ತೋಡ್ತಾರಾ?” ಎಂದು ಹಣೆ ಚಚ್ಚಿಕೊಂಡೆ. ಸಿಟ್ಟೋ ನಗುವೋ ನನಗೇ ಗೊತ್ತಾಗಲಿಲ್ಲ. “ಮೇಲೆ ಉದುರಿಸಿ ಕೈಯಾಡಿಸಿದ್ರೆ ಸಾಕು. ಅಷ್ಟು ಜೋಪಾನ ಮಾಡಿದ್ರೆ ಅದು ಹೇಗೆ ಉಸಿರಾಡಬೇಕು?”

ಅವಳು ನನ್ನ ಮುಖ ನೋಡಿದಳು. “ಅಂದ್ರೆ ನಾನು ತಪ್ಪಾಗಿ ಹಾಕ್ದೆ.”

“ಹೂಂ. ತಪ್ಪಾಗಿ ಹಾಕಿದ್ರಿ.”

“ಕೈಯಿಂದ ಆದದ್ದಲ್ಲ.”

“ಕೈಯಿಂದಲೇ ಆದದ್ದು. ಕೈಗೆ ಗೊತ್ತಿರ್ಲಿಲ್ಲ, ಅಷ್ಟೆ. ನನಗೂ ಮೊದಲ ಸಲ ಗೊತ್ತಿರ್ಲಿಲ್ಲ, ನಮ್ಮವ್ವ ಬೆನ್ನಿಗೆ ಎರಡು ಗುದ್ದಿದ್ಲು.”

“ತಪ್ಪು” ಎಂದಳು ಅವಳು, ಮತ್ತೊಮ್ಮೆ, “ತಪ್ಪು ಮಾಡಿದ್ದೀನಿ.” ಅಳುತ್ತಾಳೇನೋ ಎಂದು ನೋಡಿದೆ, ಅಳಲಿಲ್ಲ. ಹಸು ಸತ್ತದ್ದಕ್ಕೆ, ತುಳಸಿ ಒಣಗಿದ್ದಕ್ಕೆ, ಮಗುವಿನ ಜ್ವರಕ್ಕೆ ಎಲ್ಲರೂ ಅವಳ ಕೈಗೆ ಶಾಪ ಕಟ್ಟಿದ್ದರು. ನೀನು ಇಲ್ಲಿ ಇಂಥ ತಪ್ಪು ಮಾಡಿದೆ, ಹೀಗೆ ಮಾಡಬೇಕಿತ್ತು ಎಂದು ಯಾರೂ ಹೇಳಿರಲಿಲ್ಲ. ಶಾಪಕ್ಕೆ ಏನು ಮಾಡುವುದು? ತಪ್ಪಾದರೆ ತಿದ್ದಬಹುದು. ಆಮೇಲೆ ನಾನು ಅದೆಷ್ಟೋ ಹೆಂಗಸರನ್ನು ತೋಟಕ್ಕೆ ಇಳಿಸಿದೆ, ಹೂ ಬಿಟ್ಟದ್ದರಿಂದ ಗೆಲುವಾದವರಿಗಿಂತ ಬೆಳೆ ಕೆಟ್ಟದ್ದು ಏಕೆ ಎಂದು ತಿಳಿದು ಗೆಲುವಾದವರೇ ಹೆಚ್ಚು. ನನ್ನ ವಿದ್ಯೆಯೆಲ್ಲ ಇಷ್ಟೇ.

“ಈಗ ಏನು ಮಾಡೋದು?” ಎಂದು ಅವಳೇ ಕೇಳಿದಳು.

ಇಬ್ಬರೂ ಚಿಪ್ಪು ಹಿಡಿದು ಮೇಲಿನ ಮಣ್ಣನ್ನು ಪದರ ಪದರವಾಗಿ ತೆಗೆದೆವು. ಮೊಳಕೆಯ ಕತ್ತು ಮುರಿಯದ ಹಾಗೆ ತೆಗೆಯಬೇಕು, ಚಿಪ್ಪು ಒರಟು. ಸ್ವಲ್ಪ ಹೊತ್ತಿಗೆ ಅವಳು ಚಿಪ್ಪು ಪಕ್ಕಕ್ಕಿಟ್ಟು ಬೆರಳಿನಲ್ಲೇ ತೆಗೆಯತೊಡಗಿದಳು. ತಿಂಡಿಗೆ ಕರೆದರು, ಏಳಲಿಲ್ಲ. ಡಾಕ್ಟರು ಕಿಟಕಿಯಲ್ಲಿ ಬಂದು ನಿಂತದ್ದು ಕಂಡಿತು. ನಾನು ಮಣ್ಣು ತೆಗೆಯುತ್ತಲೇ ಇದ್ದೆ.

ಭಾನುವಾರ ಬೆಳಗ್ಗೆ ಅವಳ ಅರ್ಧದಲ್ಲಿ ಮಣ್ಣು ಅಲ್ಲಲ್ಲಿ ಬಿರಿದಿತ್ತು. ಪೇಲವವಾದ ಕತ್ತುಗಳು, ಕೆಲವು ತಲೆಯ ಮೇಲೆ ಮಣ್ಣಿನ ಚೂರು ಹೊತ್ತುಕೊಂಡಿದ್ದವು. ಆಚೆ ಪಕ್ಕದ ಹಸಿರಿನ ಮುಂದೆ ಬಡಕಲು. ಅವಳು ಅದರ ಮುಂದೆ ಕೂತು ಸಣ್ಣ ಹೆಂಟೆಗಳನ್ನು ಎತ್ತಿ ದಾರಿ ಬಿಡಿಸಿಕೊಡುತ್ತಿದ್ದಳು. ಆವತ್ತು ಬೆಳಗ್ಗೆ ಅವಳು ನಲ್ಲಿಯ ಹತ್ತಿರ ಹೋದದ್ದು ಒಂದೇ ಸಲ, ಮುಖ ತೊಳೆಯಲು.

ಹತ್ತು ಗಂಟೆಗೆ ಅತ್ತೆ ಬಂದರು, ಮಗುವಿನ ಕೈ ಹಿಡಿದುಕೊಂಡು. ಮಗನನ್ನು ಕಳೆದುಕೊಂಡ ಹೆಂಗಸು, ಅವರಿಗೂ ಸಂಕಟವಿತ್ತು, ಮೊಮ್ಮಗಳ ಮೇಲೆ ಪ್ರಾಣವನ್ನೇ ಇಟ್ಟಿದ್ದರು. ಗೊತ್ತು. ಆದರೂ ನಾನು ಅವರನ್ನು ಕ್ಷಮಿಸಿಲ್ಲ. ಡಾಕ್ಟರು ಕಾಗದವನ್ನು ವರಾಂಡದ ಮೇಜಿನ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದರು. ಹಿರಿಯಮ್ಮ ಮೊದಲೇ ಬಂದು ಕುರ್ಚಿ ಹಿಡಿದಿದ್ದರು.

ಮಗು ಅಜ್ಜಿಯ ಕೈ ಕೊಸರಿಕೊಂಡು ಹಿತ್ತಲಿಗೆ ಓಡಿ ಬಂತು. ಬಿಳಿ ಫ್ರಾಕು, ಎರಡು ಪುಟ್ಟ ಜಡೆ. ಬಾಗಿಲು ಬಡಿದು ಅಭ್ಯಾಸವಾಗಿದ್ದ ಮಗುವಿಗೆ ಅಮ್ಮ ಬಯಲಲ್ಲಿ ಕೂತಿರುವುದು ನೋಡಿ ಏನು ಮಾಡಬೇಕೋ ತೋಚಲಿಲ್ಲ. ಮಡಿಯ ಅಂಚಿನಲ್ಲಿ ನಿಂತು ನೋಡಿತು. ಆಮೇಲೆ ಬಗ್ಗಿ, ತಲೆಯ ಮೇಲೆ ಮಣ್ಣು ಹೊತ್ತಿದ್ದ ಒಂದು ಸಸಿಯನ್ನು ಹಿಡಿದು ಎಳೆಯಲು ಹೋಯಿತು.

ಅವಳ ಕೈ ಚಾಚಿತು. ಮಗುವಿನ ಮಣಿಕಟ್ಟನ್ನು ಹಿಡಿಯಿತು.

“ಎಳೀಬಾರ್ದು ಪುಟ್ಟಿ” ಎಂದಳು. “ಇವು ಕಷ್ಟಪಟ್ಟು ಬಂದಿದ್ದಾವೆ.”

ಮಗು ಅಮ್ಮನ ಮುಖ ನೋಡಿತು, ತನ್ನ ಕೈಯ ಮೇಲಿದ್ದ ಕೈ ನೋಡಿತು.  ವರಾಂಡದಿಂದ ಅತ್ತೆಯ ದನಿ ಬಂತು, ಕಿರುಚಿದ ಹಾಗೆ.

“ಆ ಕೈಲಿ ಮಗೂನ ಮುಟ್ಟಬೇಡ! ಮೊದಲು ಹೋಗಿ ತೊಳ್ಕೊ!”

ನಲ್ಲಿ ಅಲ್ಲೇ ಇತ್ತು, ನಾಲ್ಕು ಹೆಜ್ಜೆ. ಅವಳು ತಲೆ ತಿರುಗಿಸಿ ಅದನ್ನು ನೋಡಿದಳು.  ಮೂರು ತಿಂಗಳಲ್ಲಿ ಆ ನಲ್ಲಿಯ ಕಡೆ ನೋಡಿದವಳು ಅಲ್ಲಿಗೆ ಹೋಗದೆ ಉಳಿದದ್ದನ್ನು ನಾನು ಕಂಡಿರಲಿಲ್ಲ. ಹೋಗಬೇಡಿ ಎಂದು ಬಾಯಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದೆ, ಅದು ನಾನು ಆಡುವ ಮಾತಲ್ಲ.

ಅವಳು ನಲ್ಲಿಯಿಂದ ಕಣ್ಣು ತೆಗೆದಳು. ಮಗುವನ್ನು ಎರಡೂ ಕೈಯಿಂದ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಎದ್ದು ನಿಂತಳು. ಬಿಳಿ ಫ್ರಾಕಿನ ಬೆನ್ನ ಮೇಲೆ ಐದು ಬೆರಳಿನ ಮಣ್ಣು ಮೂಡಿತು.

“ತೊಳ್ಕೊಳಲ್ಲ ಅತ್ತೆ” ಎಂದಳು.